ಮೊದಲ ಮನೆಗೆ ಸಾಮಾನು ಕೊಳ್ಳುವವರಿಗೆ

ಬೆಳಗಾವಿಯಲ್ಲಿ ಹೊಸದಾಗಿ ಸಂಸಾರ ಹೂಡುತ್ತಿರುವ ಸದಸ್ಯರೇ, ಮೊದಲ ಸಂಬಳದಲ್ಲೇ ಸೋಫಾ ತರಬೇಡಿ. ಬಂದವರಿಗೆ ಜಮಖಾನ ಹಾಸಿದರೆ ಯಾರೂ ಬೇಸರಿಸುವುದಿಲ್ಲ.

ಕಪಾಟಿನ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಅಗ್ಗವೆಂದು ನಾನು ತಂದ ಪಾರ್ಟಿಕಲ್ ಬೋರ್ಡ್ ಕಪಾಟು ನಮ್ಮೂರಿನ ಜುಲೈ ಮಳೆಯ ತೇವಕ್ಕೆ ಉಬ್ಬಿ, ಬಾಗಿಲೇ ಮುಚ್ಚದಂತಾಯಿತು. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ನೀರು ಹೀರಿದರೆ ಮೊದಲಿನಂತಾಗುವುದಿಲ್ಲ. ಅದರ ಬದಲು ಬಳಸಿದ ಸಾಗುವಾನಿಯದೋ ಉಕ್ಕಿನದೋ ಹುಡುಕಿ. ಮರದ್ದಾದರೆ ಹಿಂಬದಿ, ಕಾಲಿನ ಬುಡ ನೋಡಿ. ಸಣ್ಣ ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳು ಹಿಡಿದಿದೆ, ಬೇಡ.

ಫ್ಯಾನಿಗೆ ಸ್ವಲ್ಪ ಹೆಚ್ಚು ಕೊಡಿ: ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಬಳಸುವ ಮೋಟಾರಿನ) ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು, ಹಳೆಯ ಮಾದರಿಗೆ 75 ಬೇಕು. ನೀರಿಗೆ ಖಾನಾಪುರದ ಮಣ್ಣಿನ ಮಡಕೆ ತನ್ನಿ.

ಬಳಸದ ಮೇಜು, ಕುರ್ಚಿ ಇರುವವರು ಚಿತ್ರ, ಬೆಲೆ ಇಲ್ಲಿ ಹಾಕಿ. ಇಬ್ಬರು ಹೊಸ ಸದಸ್ಯರಿಗೆ ಬೇಕಾಗಿದೆ.