‘ಆರಿಸಿ ಅಳೆದ’ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ಬಗ್ಗೆ ದೂರು

ಇಂದ
ಗಿಟಾರ್ ಪೆಡಲ್ ಕಟ್ಟುವ ಗೆಳೆಯರು
ಬದಿಯಡ್ಕ, ಕಾಸರಗೋಡು ಜಿಲ್ಲೆ

ಗೆ
ದೂರು ಪರಿಹಾರ ಅಧಿಕಾರಿಯವರು
ಎಲೆಕ್ಟ್ರಾನಿಕ್ ಬಿಡಿಭಾಗಗಳ ಆನ್‌ಲೈನ್ ಮಾರಾಟ ವಿಭಾಗ

ವಿಷಯ: ತಪ್ಪು ಗೇನ್ ಅಂಕೆ ಬರೆದ ಒಸಿ44, ಬಣ್ಣ ಎದ್ದ ಒಸಿ71, ಜರ್ಮೇನಿಯಂ ಅಲ್ಲದ ಎಸಿ128: ಹಣ ವಾಪಸಾತಿ ಕುರಿತು

ಮಾನ್ಯರೇ,

ಟ್ರೆಬಲ್ ಬೂಸ್ಟರಿಗೆಂದೇ (ಗಿಟಾರಿನ ಎತ್ತರದ ಸ್ವರಗಳನ್ನು ಹೆಚ್ಚಿಸುವ ಪೆಡಲ್) ಆರಿಸಿ, ಅಳೆದು ಕೊಡುತ್ತೇವೆ ಎಂಬ ನಿಮ್ಮ ಮಾತು ನಂಬಿ ಹತ್ತು ಒಸಿ44, ಐದು ಒಸಿ71, ಆರು ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್ ತರಿಸಿದ್ದೆವು. ಅಳೆಯದ ಮಾಲಿಗಿಂತ ಹೆಚ್ಚು ಬೆಲೆ ತೆತ್ತಿದ್ದು ಆ ಅಳತೆಗಾಗಿಯೇ. ಪೊಟ್ಟಣಗಳ ಮೇಲೆ ಗೇನ್ ಅಂಕೆ, ಎಂದರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು, ಇದೆ. ಲೀಕೇಜ್ (ತಾನಾಗಿ ಸೋರುವ ಕರೆಂಟ್) ಎಷ್ಟು, ಎಷ್ಟು ಡಿಗ್ರಿ ಬಿಸಿಯಲ್ಲಿ ಅಳೆದದ್ದು ಎಂಬುದು ಒಂದರ ಮೇಲೂ ಇಲ್ಲ. ಜರ್ಮೇನಿಯಂ ಮಟ್ಟಿಗೆ ಅವೆರಡು ಇಲ್ಲದ ಗೇನ್ ಅಂಕೆಯಿಂದ ಏನೂ ತಿಳಿಯುವುದಿಲ್ಲ.

ನೀವು ಅಳೆದದ್ದು ಮಲ್ಟಿಮೀಟರಿನ ಟ್ರಾನ್ಸಿಸ್ಟರ್ ಸಾಕೆಟ್‌ನಲ್ಲಿ ಎಂದು ನಿಮ್ಮ ಸಿಬ್ಬಂದಿಯೇ ಫೋನಿನಲ್ಲಿ ತಿಳಿಸಿದರು. ತಪ್ಪಿನ ಮೂಲ ಅಲ್ಲಿದೆ. ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂಬ ಮೂರು ಕಾಲು. ಆ ಸಾಕೆಟ್ ಬೇಸ್‌ಗೆ ಸುಮಾರು 10 ಮೈಕ್ರೋ ಆಂಪಿಯರ್ ಕೊಟ್ಟು, ಕಲೆಕ್ಟರಿನಲ್ಲಿ ಹರಿದದ್ದನ್ನೆಲ್ಲ ಗೇನ್ ಎಂದೇ ತೋರಿಸುತ್ತದೆ. ಸಿಲಿಕಾನ್ ಆದರೆ ತೊಂದರೆಯಿಲ್ಲ, ಅದರಲ್ಲಿ ಸೋರುವುದು ಲೆಕ್ಕಕ್ಕೆ ಬಾರದಷ್ಟು. ಜರ್ಮೇನಿಯಂ ಬೇಸ್ ತೆರೆದಿದ್ದರೂ ಸೋರುತ್ತದೆ. 500 ಮೈಕ್ರೋ ಆಂಪಿಯರ್ ಸೋರಿದರೆ ಮೀಟರಿನಲ್ಲಿ 50 ಗೇನ್ ಸುಳ್ಳೇ ಸೇರಿಕೊಳ್ಳುತ್ತದೆ.

ನಾವು ಅಳೆದ ಕ್ರಮ ಹೀಗಿದೆ, ನೀವೂ ಮಾಡಿ ನೋಡಬಹುದು. 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಎಮಿಟರ್. 2.2 ಕಿಲೋ ಓಮ್ ಮತ್ತು 270 ಓಮ್ ಸರಣಿಯಲ್ಲಿ ಸೇರಿಸಿ 2.47 ಕಿಲೋ ಮಾಡಿಕೊಂಡು, ಅದರ ಮೂಲಕ ಕಲೆಕ್ಟರ್ ಮೈನಸ್‌ಗೆ. ಬೇಸ್ ತೆರೆದಿಟ್ಟು ಆ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಓದಿದರೆ ಅದು ಲೀಕೇಜಿನದು. ಆಮೇಲೆ ಬೇಸಿನಿಂದ ಮೈನಸ್‌ಗೆ 2.2 ಮೆಗಾ ಓಮ್ ಹಾಕಿ ಮತ್ತೆ ಓದಬೇಕು. ಬೇಸಿಗೆ ಸುಮಾರು 4 ಮೈಕ್ರೋ ಆಂಪಿಯರ್ ಹೋಗುವುದರಿಂದ, ಎರಡು ಓದಿಕೆಗಳ ವ್ಯತ್ಯಾಸವನ್ನು ನೂರರಿಂದ ಗುಣಿಸಿದರೆ ನಿಜವಾದ ಗೇನ್ ಸಿಗುತ್ತದೆ. ಬೆರಳಿನ ಬಿಸಿಗೇ ಅಂಕೆ ಏರುತ್ತದೆ, ಆದ್ದರಿಂದ ಕ್ಲಿಪ್ ಸಿಕ್ಕಿಸಿ ಕೈಬಿಟ್ಟು, ಓದಿಕೆ ನಿಂತ ಮೇಲೆಯೇ ಬರೆದುಕೊಂಡಿದ್ದೇವೆ. ಕೋಣೆಯ ಉಷ್ಣತೆ 30 ಡಿಗ್ರಿ.

ನೀವು ‘100’ ಎಂದು ಬರೆದ ಒಂದು ಒಸಿ44 ಬೇಸ್ ತೆರೆದಾಗ 1.35 ವೋಲ್ಟ್ ತೋರಿಸಿತು, ಎಂದರೆ 547 ಮೈಕ್ರೋ ಆಂಪಿಯರ್ ಲೀಕೇಜ್. ಬೇಸ್ ಸೇರಿಸಿದಾಗ 1.83. ನಿಜವಾದ ಗೇನ್ 48. ಈ 48ಕ್ಕೆ ಲೀಕೇಜಿನಿಂದ ಬರುವ ಸುಮಾರು 55 ಕೂಡಿಸಿದರೆ ಹೆಚ್ಚುಕಡಿಮೆ ನಿಮ್ಮ 100 ಬರುತ್ತದೆ! ಹತ್ತರಲ್ಲಿ ಏಳರ ಹಣೆಬರಹ ಇದೇ. ಉಳಿದ ಮೂರು ನಿಜಕ್ಕೂ ಒಳ್ಳೆಯವು, ಗೇನ್ 70ರಿಂದ 90ರೊಳಗೆ, ಲೀಕೇಜ್ 150 ಮೈಕ್ರೋ ಆಂಪಿಯರಿಗಿಂತ ಕಡಿಮೆ. ಅವನ್ನು ಇಟ್ಟುಕೊಳ್ಳುತ್ತೇವೆ.

‘ಟ್ರಿಮ್ಮರ್ ಹಾಕಿ ಬಯಸ್ ಸರಿಮಾಡಿಕೊಳ್ಳಿ’, ಎಂದರೆ ತಿರುಗಿಸಬಲ್ಲ ಪುಟ್ಟ ರೆಸಿಸ್ಟರಿನಿಂದ ಟ್ರಾನ್ಸಿಸ್ಟರ್ ನಿಲ್ಲುವ ವೋಲ್ಟೇಜ್ ಹೊಂದಿಸಿಕೊಳ್ಳಿ, ಎಂದು ನಿಮ್ಮವರು ಉತ್ತರಿಸಿದ್ದಾರೆ. ಅದು ಪರಿಹಾರವಲ್ಲ. ನಾವು ಕಟ್ಟುವ, 1960ರ ದಶಕದ ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಟ್ರೆಬಲ್ ಬೂಸ್ಟರ್ ಮಾದರಿಯಲ್ಲಿ ಇರುವುದು ಒಂದೇ ಟ್ರಾನ್ಸಿಸ್ಟರ್. ಬೇಸಿಗೆ 470 ಕಿಲೋ ಮತ್ತು 68 ಕಿಲೋ ಓಮ್ ರೆಸಿಸ್ಟರ್, ಎಮಿಟರಿಗೆ 3.9 ಕಿಲೋ, ಕಲೆಕ್ಟರಿಗೆ 10 ಕಿಲೋ ಪಾಟ್ (ತಿರುಗಿಸುವ ರೆಸಿಸ್ಟರ್). ಕಲೆಕ್ಟರ್ ಸುಮಾರು 7 ವೋಲ್ಟ್‌ನಲ್ಲಿ ನಿಂತರೆ ಪೆಡಲಿನ ದನಿ ಸರಿಯಾಗಿ ಬರುತ್ತದೆ. ಮೇಲೆ ಹೇಳಿದ ಒಸಿ44 ಹಾಕಿದರೆ ಅದು 5.7ರ ಆಸುಪಾಸಿಗೆ ಇಳಿಯುತ್ತದೆ. 68 ಕಿಲೋ ಜಾಗದಲ್ಲಿ ಟ್ರಿಮ್ಮರ್ ತಿರುಗಿಸಿ 7ಕ್ಕೆ ತಂದರೂ ಅದು ಆ ಹೊತ್ತಿನ ಬಿಸಿಗೆ ಮಾತ್ರ. ಲೀಕೇಜ್ ಪ್ರತಿ 8–10 ಡಿಗ್ರಿಗೆ ಇಮ್ಮಡಿಯಾಗುತ್ತದೆ. ಎಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಪೆಂಡಾಲಿನೊಳಗೆ, ದೀಪಗಳ ಕೆಳಗೆ, ಆ ಏರಿಕೆ ಆಗಿಯೇ ಆಗುತ್ತದೆ. ಬಯಸ್ ಮತ್ತೆ ಜಾರುತ್ತದೆ. ಸೋರಿಕೆಯೊಂದಿಗೆ ಬರುವ ಹಿಸ್ ಸದ್ದನ್ನಂತೂ ಯಾವ ಟ್ರಿಮ್ಮರೂ ಕಳೆಯದು.

ಒಸಿ71ರದ್ದು ಬೇರೆ ದೋಷ. ಎರಡರ ಗಾಜಿನ ಮೇಲಿನ ಕಪ್ಪು ಬಣ್ಣ ಎದ್ದುಹೋಗಿದೆ. ಹಳೆಯ ಒಸಿ71ರ ಗಾಜಿನೊಳಗೆ ತುಂಬಿರುವುದು ಪಾರದರ್ಶಕ ವಸ್ತು, ಬಣ್ಣ ಹೋದರೆ ಅದು ಬೆಳಕಿಗೆ ಸ್ಪಂದಿಸುತ್ತದೆ. ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ 100 ಹರ್ಟ್ಸ್ ಗುಂಯ್ ಎನ್ನುತ್ತದೆ, ಕಪ್ಪು ಟೇಪ್ ಸುತ್ತಿದರೆ ನಿಲ್ಲುತ್ತದೆ. ಅದಕ್ಕೆ ಬಣ್ಣ ಬಳಿದು ಉಪಯೋಗಿಸಬಹುದು, ಆದರೆ ಅದನ್ನು ಮೊದಲೇ ಹೇಳಿ ಮಾರಬೇಕಿತ್ತು.

ಅತ್ಯಂತ ಬೇಸರ ತಂದದ್ದು ಎಸಿ128. ‘ಲೀಕೇಜ್ ಸೊನ್ನೆ, ಅತ್ಯುತ್ತಮ ಆಯ್ಕೆ’ ಎಂದು ಜಾಹೀರಾತಿನಲ್ಲಿ ಹೊಗಳಿದ್ದೀರಿ. ಸೊನ್ನೆ ಲೀಕೇಜಿನ ಜರ್ಮೇನಿಯಂ ಇರುವುದಿಲ್ಲ, ಅಂಥ ಅಂಕೆ ಕಂಡಾಗಲೇ ಅನುಮಾನಿಸಬೇಕು. ಮೀಟರಿನ ಡಯೋಡ್ ಸ್ಥಾನದಲ್ಲಿ ಬೇಸ್–ಎಮಿಟರ್ ನಡುವೆ ಆರೂ 0.65 ವೋಲ್ಟ್ ಸುತ್ತಮುತ್ತ ತೋರಿಸುತ್ತಿವೆ. ಜರ್ಮೇನಿಯಂ ಆಗಿದ್ದರೆ 0.15ರಿಂದ 0.3ರೊಳಗೆ ಇರಬೇಕಿತ್ತು. ಇವು ಹೊಸ ಅಚ್ಚು ಒತ್ತಿದ ಸಿಲಿಕಾನ್. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸಿದ ಅಸಲಿ ಎಸಿ128 ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಡಬ್ಬಗಳಲ್ಲಿ ಈಗಲೂ ಸಿಗುತ್ತದೆ. ಹೋಲಿಸಿ ನೋಡಲು ಅಂಥದ್ದೊಂದು ಸಾಕು.

ಬೆಸುಗೆಯ ಬಿಸಿಗೆ ಕೆಟ್ಟಿರಬಹುದು ಎಂಬ ನಿಮ್ಮವರ ಮಾತೂ ನಿಲ್ಲುವುದಿಲ್ಲ. ಯಾವುದಕ್ಕೂ ಬೆಸುಗೆ ಹಾಕಿಲ್ಲ, ಕಾಲುಗಳು ಬಂದಷ್ಟೇ ಉದ್ದ ಇವೆ, ಫೋಟೊ ನೋಡಿ.

ಏಳು ಒಸಿ44, ಎರಡು ಒಸಿ71, ಆರು ಎಸಿ128ರ ಪೂರ್ತಿ ಹಣವನ್ನೂ ವಾಪಸು ಕಳಿಸುವ ಅಂಚೆ ಖರ್ಚನ್ನೂ ಕೊಡಬೇಕು. ಆ ಎಸಿ128 ಮಾಲನ್ನು ಮಾರಾಟದಿಂದ ತೆಗೆಯಬೇಕು. ಉಳಿದ ಪ್ರತಿ ಜರ್ಮೇನಿಯಂ ತುಂಡಿನ ಜೊತೆ ನಿಜವಾದ ಗೇನ್, ಲೀಕೇಜ್, ಅಳೆದ ಉಷ್ಣತೆ ಈ ಮೂರನ್ನೂ ಬರೆಯಬೇಕು. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಜಾಹೀರಾತಿನಂತೆ ಇಲ್ಲದ ಸರಕನ್ನು ವಾಪಸು ಪಡೆಯುವುದಿಲ್ಲ ಎನ್ನುವಂತಿಲ್ಲ. ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದಾವೆ ಹೂಡುತ್ತೇವೆ.

ಇತಿ,
ಗಿಟಾರ್ ಪೆಡಲ್ ಕಟ್ಟುವ ಗೆಳೆಯರು

ಲಗತ್ತು: ಬಿಲ್ಲಿನ ಪ್ರತಿ, ಪ್ರತಿ ತುಂಡಿನ ಅಳತೆಯ ಪಟ್ಟಿ, ಪೊಟ್ಟಣ ಮತ್ತು ಕಾಲುಗಳ ಫೋಟೊ