ಹೊಡೆದುಹಾಕಿದ ಸಾಲು

ಪ್ರೀತಿಯ ತಂಗಿ,

ನೀನು ಕಳಿಸಿದ ಹಾಳೆಗಳು ಕೈಸೇರಿದವು. ಈಚೆಗೆ ಓದಿದ ಮೂರು ಕಾದಂಬರಿಗಳ ಬಗ್ಗೆ ಅನಿಸಿದ್ದನ್ನು ಬರೆದಿದ್ದೀಯ. ಎರಡು ಸಲ ಓದಿದೆ. ನೀನು ಮನಸ್ಸಿಟ್ಟು ಓದುವ ಹುಡುಗಿ, ಅದು ಗೊತ್ತಾಗುತ್ತದೆ. ಆದರೆ ಬರೆಯಲು ಕೂತಾಗ ಮಾತ್ರ ಆ ಹುಡುಗಿಯನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಿದ್ದೀಯ.

‘ಮಲೆಗಳಲ್ಲಿ ಮದುಮಗಳು’ ಬಗ್ಗೆ ಬರೆದದ್ದನ್ನೇ ತಗೋ. ನಾಲ್ಕು ಪುಟದಲ್ಲಿ ಮೂರು ಪುಟ ಬರೀ ಕಥೆ. 1967ರಲ್ಲಿ ಬಂದ ಪುಸ್ತಕ ಅದು. ಓದಿದವರಿಗೆ ಕಥೆ ಮತ್ತೆ ಹೇಳಬೇಕಿಲ್ಲ. ಓದದವರಿಗೆ ಅಷ್ಟೊಂದು ಹೆಸರು, ಅಷ್ಟೊಂದು ಹಟ್ಟಿ ಮನೆ ಮೂರು ಪುಟದಲ್ಲಿ ತಲೆಗೆ ಹತ್ತುವುದೂ ಇಲ್ಲ. ಕೊನೆಯ ಪುಟದಲ್ಲಿ ಗುತ್ತಿಯ ನಾಯಿ ಹುಲಿಯನ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೀಯ. ಶಾಯಿ ದಟ್ಟವಾಗಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದು ಓದಿದೆ: ‘ಹುಲಿಯ ಹೊಳೆಯಲ್ಲಿ ಕೊಚ್ಚಿಹೋದಾಗ ನನಗೆ ಗುತ್ತಿಯ ಮೇಲೇ ಸಿಟ್ಟು ಬಂತು, ಪುಸ್ತಕ ಮುಚ್ಚಿಟ್ಟೆ.’

ಯಾಕಮ್ಮಾ ಹೊಡೆದುಹಾಕಿದೆ? ಇಡೀ ನಾಲ್ಕು ಪುಟದಲ್ಲಿ ನೀನು ಇದ್ದದ್ದು ಅಲ್ಲೊಂದೇ ಕಡೆ. ಒಂದು ನಾಯಿಗಾಗಿ ಸಿಟ್ಟಾಗುವುದು ದೊಡ್ಡವರ ವಿಮರ್ಶೆ ಅಲ್ಲ ಅಂತ ಅಂಜಿಕೆಯಾಯಿತೇನೋ. ಗುತ್ತಿಯ ಹೆಸರೇ ನಾಯಿಗುತ್ತಿ. ಹುಲಿಯ ಹೋದ ಮೇಲೆ ಅವನ ಹೆಸರಿನಲ್ಲೇ ಅರ್ಧ ಹೋಯಿತಲ್ವಾ? ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅನ್ನುವ ಕುವೆಂಪು ಮಾತನ್ನು ನೀನು ಮೊದಲ ಪ್ಯಾರಾದಲ್ಲೇ ಎತ್ತಿ ಬರೆದಿದ್ದೀಯ. ಎಲ್ಲರೂ ಬರೆಯುತ್ತಾರೆ. ಆ ಮಾತು ನಿಜ ಅನ್ನೋದಕ್ಕೆ ಸಾಕ್ಷಿ ನಿನ್ನ ಹತ್ತಿರವೇ ಇತ್ತು, ಅದನ್ನು ಅಳಿಸಿಬಿಟ್ಟೆ. ಆ ಸಿಟ್ಟನ್ನೇ ಹಿಡಿದು ಕೂತ್ಕೋ. ಗುತ್ತಿಯ ಮೇಲೇ ಯಾಕೆ ಬಂತು? ಹೊಳೆಯ ಮೇಲೆ ಯಾಕಲ್ಲ? ತಿಮ್ಮಿಯನ್ನು ಕರೆದುಕೊಂಡು ಓಡುತ್ತಿರುವವನಿಗೆ ಬೇರೆ ದಾರಿ ಇತ್ತಾ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಕಥೆ ಎಷ್ಟು ಬೇಕೋ ಅಷ್ಟು ತಾನಾಗಿ ಬರುತ್ತದೆ.

ನಾನು ಇಪ್ಪತ್ತರಲ್ಲಿ ಈ ಕಾದಂಬರಿ ಓದಿದಾಗ ಕಾಡಿನ ವರ್ಣನೆ ಬಂದಲ್ಲೆಲ್ಲ ಪುಟ ಹಾರಿಸಿದ್ದೆ. ಹುಲಿಯನೂ ಅಷ್ಟಾಗಿ ನೆನಪಿನಲ್ಲಿ ಉಳಿದಿರಲಿಲ್ಲ. ಬಹಳ ವರ್ಷದ ಮೇಲೆ ಮತ್ತೆ ಓದಿದಾಗ ಹಾರಿಸಿದ ಪುಟಗಳಲ್ಲೇ ಜಾಸ್ತಿ ಹೊತ್ತು ನಿಂತೆ. ಅದಕ್ಕೇ ಹೇಳುತ್ತೇನೆ, ಎಲ್ಲಿ ಬೇಜಾರಾಯಿತು, ಎಲ್ಲಿ ಪುಟ ಹಾರಿಸಿದೆ ಅನ್ನುವುದನ್ನೂ ಮುಚ್ಚಿಡದೆ ಬರಿ. ಮುಂದೆ ನೀನೇ ಓದಿ ನೋಡಿದಾಗ ಅದೇ ನಿನಗೆ ಹೆಚ್ಚು ಬೆಲೆಯದ್ದಾಗುತ್ತದೆ.

‘ಚೋಮನ ದುಡಿ’ಗೆ ‘ಶೋಷಣೆಯ ಮನಕಲಕುವ ಚಿತ್ರಣ’ ಅಂದಿದ್ದೀಯ. ಈ ಮಾತನ್ನು ಬೇರೆ ಹತ್ತು ಕಾದಂಬರಿಗೆ ಅಂಟಿಸಿದರೂ ನಿಲ್ಲುತ್ತದೆ. ಕಾರಂತರು 1933ರಲ್ಲಿ ಬರೆದದ್ದು ಒಬ್ಬ ಚೋಮನ ಬಗ್ಗೆ. ಅವನ ಹತ್ತಿರ ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಜಾತಿಯವನಿಗೆ ಬೇಸಾಯಕ್ಕೆ ಗದ್ದೆ ಸಿಗುವುದಿಲ್ಲ. ಇನ್ನೊಮ್ಮೆ ಓದು. ದುಡಿಯ ಸದ್ದು ಕೇಳಿದ ಕಡೆಯೆಲ್ಲ ಪೆನ್ಸಿಲಿನಿಂದ ಗುರುತು ಹಾಕು. ಒಂದು ಕಡೆ ಬಡಿದ ಹಾಗೆ ಇನ್ನೊಂದು ಕಡೆ ಬಡಿದಿದ್ದಾನಾ, ಅಷ್ಟೇ ನೋಡಿ ಬರಿ.

ಮೂರನೆಯದು ಹೊಸಬರ ಕಾದಂಬರಿ. ನಿನಗೆ ಹಿಡಿಸಿಲ್ಲ, ಆದರೂ ಸುಮ್ನೆ ‘ಭರವಸೆಯ ಬರಹ’ ಅಂತ ಮುಗಿಸಿದ್ದೀಯ. ಬೇಡ. ಕಷ್ಟಪಟ್ಟು ಬರೆದವರಿಗೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಎಷ್ಟನೇ ಪುಟದಲ್ಲಿ ನಿನ್ನ ಕೈ ಬಿಟ್ಟುಹೋಯಿತು ಹೇಳು, ಯಾವ ಮಾತು ಆ ಪಾತ್ರದ ಬಾಯಲ್ಲಿ ಕೂರಲಿಲ್ಲ ಹೇಳು. ಮೆತ್ತಗೆ ಹೇಳು, ಆದರೆ ಹೇಳು.

ಹಾಳೆಗಳನ್ನು ವಾಪಸ್ ಕಳಿಸುತ್ತಿದ್ದೇನೆ. ಬೇರೆಲ್ಲೂ ಕೈ ಹಾಕಿಲ್ಲ. ಆ ಒಂದು ಸಾಲನ್ನು ಮಾತ್ರ ಒಂದು ಹೊಸ ಹಾಳೆಯ ಮೇಲೆ ಬರೆದು ಮೊದಲಿಗೆ ಇಟ್ಟಿದ್ದೇನೆ. ಅದರ ಕೆಳಗೆ ಪೂರ್ತಿ ಖಾಲಿ ಇದೆ.

ಪ್ರೀತಿಯಿಂದ,
ನಿನ್ನ ಅಕ್ಕ