ಪುಟ್ಟಿಯ ಮನೆಗೆ ಹೀಟ್ ಪಂಪ್: ಬಾಡಿಗೆಯೋ, ಖರೀದಿಯೋ?

ಎಸ್ಲಿಂಗನ್, ಜರ್ಮನಿ
16-11-2025

ಅಣ್ಣ, ಅತ್ತಿಗೆಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ ಬರೆಯಿರಿ.

ಪುಟ್ಟಿ ಮತ್ತು ಅಳಿಯಂದಿರು ಇಲ್ಲಿ ಕೊಂಡ ಹಳೇ ಮನೆಗೆ ಹೀಟ್ ಪಂಪನ್ನು (ಹೊರಗಿನ ಗಾಳಿಯ ಶಾಖದಿಂದ ಮನೆ ಬೆಚ್ಚಗಿಡುವ ಕರೆಂಟಿನ ಯಂತ್ರ) ಬಾಡಿಗೆಗೆ ತರುವುದೋ ಕೊಳ್ಳುವುದೋ, ಸರ್ಕಾರ ಎಷ್ಟು ಕೊಡುತ್ತದೆ, ನೀವು ಯಾವಾಗ ದುಡ್ಡು ಕಳಿಸಬೇಕು ಎಂದು ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ: ತಾವೇ ವಾಸವಿರುವ ಸ್ವಂತ ಮನೆಗಾದರೆ ಕೊಳ್ಳುವುದೇ ಸರಿ. ಆದರೆ ಸಹಾಯಧನದ ಅರ್ಜಿ ಹೋಗುವ ಮುಂಚೆ, ಈಗ ಮನೆ ಕಾಯಿಸುತ್ತಿರುವ ಹಳೇ ಎಣ್ಣೆ ಬಾಯ್ಲರಿನ ಒಂದು ನಟ್ಟನ್ನೂ ಬಿಚ್ಚಿಸಬಾರದು. ಇಲ್ಲಿ ಜನ ಕಳೆದುಕೊಳ್ಳುವುದು ಈ ಒಂದು ತಪ್ಪಿನಿಂದ.

ಸಹಾಯಧನ ಕೊಡುವುದು ಕೆಎಫ್‌ಡಬ್ಲ್ಯೂ ಎಂಬ ಸರ್ಕಾರಿ ಬ್ಯಾಂಕು. ಯೋಜನೆಯ ಸಂಖ್ಯೆ 458. ಯಾರಿಗಾದರೂ ಮೂಲ ಪಾಲು ಶೇ. 30. ಮಾಲೀಕರು ಆ ಮನೆಯಲ್ಲೇ ವಾಸವಿದ್ದು, ಇನ್ನೂ ನಡೆಯುತ್ತಿರುವ ಎಣ್ಣೆ ಬಾಯ್ಲರನ್ನು ತೆಗೆಸಿದರೆ ಮೇಲೆ ಶೇ. 20. ಗ್ಯಾಸ್ ಬಾಯ್ಲರಾದರೆ ಅದಕ್ಕೆ 20 ವರ್ಷ ತುಂಬಿರಬೇಕು, ಎಣ್ಣೆಯದಕ್ಕೆ ವಯಸ್ಸಿನ ಲೆಕ್ಕವಿಲ್ಲ. ಈ ಶೇ. 20 ಪೂರ್ತಿ ಸಿಗುವುದು 2028ರ ಕೊನೆಯವರೆಗೆ. ಪ್ರೊಪೇನ್‌ನಂಥ ನೈಸರ್ಗಿಕ ಶೀತಕವನ್ನು (ಯಂತ್ರದೊಳಗೆ ಸುತ್ತುತ್ತ ಶಾಖ ಹೊತ್ತೊಯ್ಯುವ ಅನಿಲ) ಬಳಸುವ ಯಂತ್ರಕ್ಕೆ ಇನ್ನೂ ಶೇ. 5. ಮನೆಯವರ ತೆರಿಗೆಗೆ ಒಳಪಡುವ ಆದಾಯ ವರ್ಷಕ್ಕೆ 40,000 ಯೂರೋ ಮೀರದಿದ್ದರೆ ಶೇ. 30 ಬೇರೆ. ಎಲ್ಲ ಕೂಡಿದರೂ ಶೇ. 70ಕ್ಕೆ ನಿಲ್ಲುತ್ತದೆ. ಒಂದೇ ಸಂಸಾರದ ಮನೆಗೆ 30,000 ಯೂರೋವರೆಗಿನ ಖರ್ಚಿಗೆ ಮಾತ್ರ ಈ ಲೆಕ್ಕ.

ಇಬ್ಬರೂ ದುಡಿಯುವ ಮನೆಗೆ ಆದಾಯದ ಪಾಲು ಸಿಗುವುದು ಕಷ್ಟ. ಆದರೂ ನೋಡದೆ ಬಿಡಬಾರದು. ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ವರ್ಷದ ಸಂಬಳವನ್ನಲ್ಲ. 2025ರಲ್ಲಿ ಅರ್ಜಿ ಹಾಕಿದರೆ 2022 ಮತ್ತು 2023ರ ಸರಾಸರಿಯನ್ನು. ಅದೂ ಕಡಿತಗಳೆಲ್ಲ ಕಳೆದ ಮೇಲಿನ ಮೊತ್ತ. ಆ ಎರಡು ವರ್ಷದ ತೆರಿಗೆ ಆದೇಶ ಪತ್ರಗಳನ್ನು ಪುಟ್ಟಿ ತೆಗೆದಿಟ್ಟುಕೊಳ್ಳಲಿ. ವರ್ಷ ಬದಲಾದರೆ ಲೆಕ್ಕದ ವರ್ಷಗಳೂ ಒಂದೊಂದು ಮುಂದೆ ಸರಿಯುತ್ತವೆ.

ಯಂತ್ರ, ಬಿಸಿನೀರಿನ ಟ್ಯಾಂಕು, ಬದಲಿಸುವ ರೇಡಿಯೇಟರುಗಳು (ಬಿಸಿನೀರು ಹರಿದು ಕೋಣೆ ಕಾಯಿಸುವ ಗೋಡೆಯ ಫಲಕಗಳು), ಕರೆಂಟಿನ ಕೆಲಸ, ಹಳೇ ಎಣ್ಣೆ ಟ್ಯಾಂಕು ತೆಗೆಸುವ ಕೂಲಿ ಎಲ್ಲ ಸೇರಿ 32,000 ಯೂರೋ ಎಂದಿಟ್ಟುಕೊಳ್ಳಿ. ಇವೆಲ್ಲವೂ ಸಹಾಯಧನದ ಖರ್ಚಿನೊಳಗೆ ಬರುತ್ತವೆ. 30,000ಕ್ಕೆ ಶೇ. 55 (30, 20, 5 ಸೇರಿ) ಅಂದರೆ 16,500. ಕೈಯಿಂದ ಬೀಳುವುದು 15,500.

ಈಗ ಬಾಡಿಗೆಗೆ ಬನ್ನಿ. ಬಾಡಿಗೆಯಲ್ಲಿ ಯಂತ್ರದ ಮಾಲೀಕತ್ವ ಕಂಪನಿಯದು. ಸಹಾಯಧನಕ್ಕೆ ಅರ್ಜಿ ಹಾಕುವುದೂ ಅದೇ, ಆದ್ದರಿಂದ ಶೇ. 30, ಪ್ರೊಪೇನ್ ಇದ್ದರೆ 35ರಷ್ಟೇ. ವಾಸವಿರುವ ಮಾಲೀಕರಿಗೆಂದೇ ಇಟ್ಟಿರುವ ಶೇ. 20 ಮತ್ತು ಆದಾಯದ ಪಾಲು ಎರಡೂ ಕೈತಪ್ಪುತ್ತವೆ. ತಿಂಗಳಿಗೆ 220 ಯೂರೋ, 15 ವರ್ಷದ ಕರಾರು ಎಂದರೆ ಒಟ್ಟು 39,600. ಸ್ವಂತ ಯಂತ್ರಕ್ಕೆ ಮೇಲಿನ 15,500ರ ಜೊತೆ ವರ್ಷಕ್ಕೆ 250ರಂತೆ ಸರ್ವೀಸ್ ಸೇರಿಸಿದರೂ 19,250. ನಡುವೆ ಎರಡು ದೊಡ್ಡ ರಿಪೇರಿ ಬಂದರೂ ಖರೀದಿಯೇ ಅಗ್ಗ. ಬಾಡಿಗೆಯಲ್ಲಿ ರಿಪೇರಿ ತಲೆನೋವು ಅವರದು, ಅದು ನಿಜ. ಆ ನೆಮ್ಮದಿಗೆ ಇಷ್ಟು ಬೆಲೆ ನನ್ನ ಮಟ್ಟಿಗೆ ಜಾಸ್ತಿ.

ಆದರೂ ಅಳಿಯಂದಿರಿಗೆ ಬಾಡಿಗೆಯ ಮೇಲೇ ಮನಸ್ಸಿದ್ದರೆ ಕರಾರಿನಲ್ಲಿ ಕೆಲವು ಸಾಲುಗಳನ್ನು ಹುಡುಕಿ ಓದಲಿ. ಬಾಡಿಗೆ ವರ್ಷ ವರ್ಷ ಏರುತ್ತದೆಯೇ, ಯಾವ ಲೆಕ್ಕದಲ್ಲಿ? ಅವಧಿ ಮುಗಿದಾಗ ಯಂತ್ರ ಯಾರದು, ಕೊಳ್ಳುವುದಾದರೆ ಎಷ್ಟಕ್ಕೆ? ನಡುವೆ ಮನೆ ಮಾರಿದರೆ ಹೊಸಬರು ಕರಾರು ಒಪ್ಪಲೇಬೇಕೇ, ಒಪ್ಪದಿದ್ದರೆ ಏನು? ಗ್ರುಂಡ್‌ಬೂಖ್ ಎಂಬ ಆಸ್ತಿ ದಾಖಲೆ ಇಲ್ಲಿದೆ, ನಮ್ಮ ಖಾತೆ ಮತ್ತು ಇಸಿ ಎರಡೂ ಸೇರಿದಂತೆ. ಯಂತ್ರದ ಮೇಲಿನ ತನ್ನ ಹಕ್ಕನ್ನು ಅದರಲ್ಲಿ ನಮೂದಿಸಬೇಕು ಎನ್ನುವ ಕಂಪನಿಗಳಿವೆ. ಮುಂದೆ ಮನೆ ಮಾರುವಾಗ ಅದು ಅಡ್ಡ ಬರುತ್ತದೆ. ಮನೆಗೇ ಬಂದು ಸಹಿ ಹಾಕಿಸಿಕೊಂಡಿದ್ದರೆ 14 ದಿನದೊಳಗೆ ಕರಾರು ಹಿಂತೆಗೆದುಕೊಳ್ಳುವ ಹಕ್ಕು ಇದೆ.

ಕೈಯಲ್ಲಿ ದುಡ್ಡಿಲ್ಲವೆಂದು ಬಾಡಿಗೆಗೆ ಹೋಗುವವರೇ ಹೆಚ್ಚು. ಅದಕ್ಕೆ ಬೇರೆ ದಾರಿ ಇದೆ. ಸಹಾಯಧನ ಮಂಜೂರಾದ ಪತ್ರ ಹಿಡಿದು ತಮ್ಮ ಬ್ಯಾಂಕಿಗೆ ಹೋದರೆ, ಕೆಎಫ್‌ಡಬ್ಲ್ಯೂನದೇ ಪೂರಕ ಸಾಲಕ್ಕೆ ಅರ್ಜಿ ಹಾಕಬಹುದು. ತೆರಿಗೆಗೆ ಒಳಪಡುವ ಆದಾಯ 90,000 ಯೂರೋ ಒಳಗಿದ್ದರೆ ಬಡ್ಡಿ ಇನ್ನೂ ಕಡಿಮೆ. ಆ ಸಾಲದ ಸಂಖ್ಯೆ 358.

ಇನ್ನು ಕಾಗದದ ಕೆಲಸ. ಇದನ್ನು ಹಿಂದುಮುಂದು ಮಾಡಿದರೆ ಪೂರ್ತಿ ಕೆಡುತ್ತದೆ. ಮೊದಲು ಹೀಟಿಂಗ್ ಕೆಲಸದ ಕಂಪನಿಯೊಂದಿಗೆ ಕರಾರಿಗೆ ಸಹಿ. ಅದರಲ್ಲಿ ‘ಕೆಎಫ್‌ಡಬ್ಲ್ಯೂ ಸಹಾಯಧನ ಮಂಜೂರಾದರೆ ಮಾತ್ರ ಈ ಕರಾರು ಜಾರಿ’ ಎಂಬ ಷರತ್ತು, ಕೆಲಸ ಯಾವಾಗ ಮುಗಿಯುತ್ತದೆ ಎಂಬ ದಿನಾಂಕ, ಎರಡೂ ಇರಲೇಬೇಕು. ಆಮೇಲೆ ಅದೇ ಕಂಪನಿ ಅಥವಾ ನೋಂದಾಯಿತ ಇಂಧನ ತಜ್ಞರು ಬಿ-ಜೆಟ್-ಎ ಎಂಬ ದೃಢೀಕರಣ ಮಾಡಿ ಅದರ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಇಟ್ಟುಕೊಂಡು ‘ಮೈನೆ ಕೆಎಫ್‌ಡಬ್ಲ್ಯೂ’ ಪೋರ್ಟಲ್‌ನಲ್ಲಿ ಪುಟ್ಟಿಯೇ ಅರ್ಜಿ ಹಾಕಬೇಕು. ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ ಕೆಲಸ ಶುರು ಮಾಡಿಸಲಿ. ಮುಗಿಸಲು 36 ತಿಂಗಳ ಸಮಯವಿದೆ. ಮುಗಿದ ಮೇಲೆ ಬಿ-ಎನ್-ಡಿ ಎಂಬ ಇನ್ನೊಂದು ದೃಢೀಕರಣ, ಬಿಲ್ಲುಗಳು, ತಾನೇ ಮಾಲೀಕಳು, ಅಲ್ಲೇ ವಾಸವಿದ್ದೇನೆ ಎನ್ನುವ ದಾಖಲೆಗಳನ್ನು ಏರಿಸಬೇಕು. ಊರಲ್ಲಿ ಸೂರ್ಯ ಘರ್ ಯೋಜನೆಯಲ್ಲಿ ಪ್ಯಾನೆಲ್ ಕೂರಿಸಿದ ಮೇಲಲ್ಲವೇ ಸಬ್ಸಿಡಿ ಖಾತೆಗೆ ಬೀಳುವುದು? ಇಲ್ಲೂ ಹಾಗೆಯೇ, ಮೊದಲು ಪೂರ್ತಿ ದುಡ್ಡು ನಾವೇ ಕಟ್ಟಬೇಕು. ಬಿಲ್ಲು ಅರ್ಜಿದಾರರ ಹೆಸರಲ್ಲಿರಲಿ, ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ನಗದು ಕೊಟ್ಟದ್ದು ಲೆಕ್ಕಕ್ಕಿಲ್ಲ.

ಅರ್ಜಿ ತಪ್ಪಿಹೋದವರಿಗೆ ಆದಾಯ ತೆರಿಗೆಯಲ್ಲಿ ಖರ್ಚಿನ ಶೇ. 20 ಮೂರು ವರ್ಷದಲ್ಲಿ ಹಂಚಿ ಕಡಿತ ಮಾಡಿಕೊಳ್ಳುವ ಅವಕಾಶವಿದೆ; ಮನೆಗೆ ಹತ್ತು ವರ್ಷವಾದರೂ ಆಗಿರಬೇಕು. ಒಂದೇ ಕೆಲಸಕ್ಕೆ ಎರಡನ್ನೂ ಪಡೆಯುವಂತಿಲ್ಲ. ನಗರಸಭೆಯ ಸಹಾಯಧನ ಇದ್ದರೆ ಅದನ್ನು ಒಂದು ಮಿತಿಯವರೆಗೆ ಸೇರಿಸಿಕೊಳ್ಳಬಹುದು, ಆದರೆ ಕೆಎಫ್‌ಡಬ್ಲ್ಯೂಗೆ ತಿಳಿಸಬೇಕು.

ದುಡ್ಡಿಗಿಂತ ಮುಖ್ಯವಾದದ್ದು ಈಗ. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬೆಚ್ಚಗಿರುತ್ತದಲ್ಲ, ಹೀಟ್ ಪಂಪಿನ ಕೆಲಸ ಅಷ್ಟೇ: ಹೊರಗಿನ ತಣ್ಣನೆಯ ಗಾಳಿಯಲ್ಲಿರುವ ಶಾಖವನ್ನೇ ಹಿಂಡಿ ಒಳಗಿನ ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಶಾಖ ಬಂದರೆ ಒಳ್ಳೆಯ ಮನೆ. ಅದು ನಿಂತಿರುವುದು ರೇಡಿಯೇಟರಿಗೆ ಎಷ್ಟು ಬಿಸಿಯ ನೀರು ಬೇಕು ಎಂಬುದರ ಮೇಲೆ. ನಮ್ಮ ಬಚ್ಚಲ ಹಂಡೆಯ ಹಾಗೆ ಕುದಿಸಿ ಕಳಿಸುವ ಯಂತ್ರ ಇದಲ್ಲ. ನೀರನ್ನು ಒಂದು ಡಿಗ್ರಿ ಹೆಚ್ಚು ಕಾಯಿಸಬೇಕಾದರೂ ಸುಮಾರು ಶೇ. 2ರಿಂದ 2.5ರಷ್ಟು ಕರೆಂಟು ಜಾಸ್ತಿ ಹೋಗುತ್ತದೆ.

ಅದಕ್ಕೇ ಈ ಚಳಿಗಾಲದಲ್ಲಿ, ಹಳೇ ಬಾಯ್ಲರ್ ಇರುವಾಗಲೇ, ಪುಟ್ಟಿ ಒಂದು ಪರೀಕ್ಷೆ ಮಾಡಲಿ. ಹೊರಗೆ ಸೊನ್ನೆಗಿಂತ ಕೆಳಗಿರುವ ದಿನ ಎಲ್ಲ ರೇಡಿಯೇಟರುಗಳ ತಿರುಗಣೆಯನ್ನು ಪೂರ್ತಿ ತೆರೆದು, ಬಾಯ್ಲರಿನಿಂದ ಹೊರಡುವ ನೀರನ್ನು 55 ಡಿಗ್ರಿಗೆ ಇಳಿಸಿ ಒಂದೆರಡು ದಿನ ಬಿಡಬೇಕು. ಕೋಣೆ ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಲಿ. ಎಲ್ಲ ಕಡೆ 20 ಡಿಗ್ರಿ ನಿಂತರೆ 50ಕ್ಕೆ ಇಳಿಸಿ ನೋಡಲಿ. ಸಾಮಾನ್ಯವಾಗಿ ಒಂದೋ ಎರಡೋ ಕೋಣೆ ತಣ್ಣಗಾಗುತ್ತವೆ. ಬದಲಿಸಬೇಕಾದದ್ದು ಆ ಕೋಣೆಗಳ ರೇಡಿಯೇಟರನ್ನು, ಇಡೀ ಮನೆಯದ್ದನ್ನಲ್ಲ. ಅಂಗಡಿಯ ಪಟ್ಟಿಯಲ್ಲಿ 1,500 ವ್ಯಾಟ್ ಎಂದಿರುವ ರೇಡಿಯೇಟರ್ 75 ಡಿಗ್ರಿಯಲ್ಲಿ ಹೋಗಿ 65ರಲ್ಲಿ ಮರಳುವ ನೀರಿಗೆ ಅಷ್ಟು ಕೊಡುತ್ತದೆ. 55ರಲ್ಲಿ ಹೋಗಿ 45ಕ್ಕೆ ಮರಳಿದರೆ ಸುಮಾರು 770 ವ್ಯಾಟ್ ಮಾತ್ರ. 45-40 ಆದರೆ 530. ಅದಕ್ಕೇ ಅದೇ ಉದ್ದದ, ಇನ್ನೂ ದಪ್ಪನೆಯ, ಮೂರು ಪದರದ 33ನೇ ಮಾದರಿಯದನ್ನು ಹಾಕುತ್ತಾರೆ.

ಯಂತ್ರದ ಗಾತ್ರಕ್ಕೆ ಹಳೇ ಮಾಲೀಕರ ಎಣ್ಣೆ ಬಿಲ್ಲುಗಳೇ ಮೊದಲ ಸಾಕ್ಷಿ. ವರ್ಷಕ್ಕೆ 2,200 ಲೀಟರ್ ಸುಟ್ಟಿದ್ದರೆ 250ರಿಂದ ಭಾಗಿಸಿ: ಹೆಚ್ಚುಕಡಿಮೆ 9 ಕಿಲೋವ್ಯಾಟ್. ಇದು ಅಂದಾಜು, ಕರಾರಿಗೆ ಮುಂಚೆ ಕೋಣೆವಾರು ಶಾಖದ ಲೆಕ್ಕವನ್ನು ಕಂಪನಿ ಬರೆದು ಕೊಡಬೇಕು. ಅಂದಾಜು 9 ಬರುವಲ್ಲಿ ‘ಇರಲಿ’ ಎಂದು 14ರ ಯಂತ್ರ ಬರೆದಿದ್ದರೆ ಆ ಕೊಟೇಶನ್ ಬದಿಗಿಡಲಿ. ದೊಡ್ಡ ಯಂತ್ರ ಸಣ್ಣ ಚಳಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಆರಿ ಹೊತ್ತುತ್ತದೆ, ಕರೆಂಟೂ ಹೋಗುತ್ತದೆ, ಕಂಪ್ರೆಸರ್ ಆಯುಸ್ಸೂ ಕಡಿಮೆಯಾಗುತ್ತದೆ.

2,200 ಲೀಟರಿಗೆ ಬಾಯ್ಲರಿನ ನಷ್ಟ ಕಳೆದು ಸುಮಾರು 18,700 ಯೂನಿಟ್ ಶಾಖ ಎಂದುಕೊಳ್ಳೋಣ. ವರ್ಷದ ಸರಾಸರಿ ಮೂರೂವರೆ ಪಟ್ಟು ಬಂದರೆ 5,340 ಯೂನಿಟ್ ಕರೆಂಟು; ಯೂನಿಟ್‌ಗೆ 26 ಸೆಂಟ್ ಹಿಡಿದರೆ ಸುಮಾರು 1,390 ಯೂರೋ. ಅದೇ ಯಂತ್ರ ಬಿಸಿ ಜಾಸ್ತಿ ಇಟ್ಟು 2.8 ಪಟ್ಟಿಗೆ ಇಳಿದರೆ 1,735. ಲೀಟರಿಗೆ 95 ಸೆಂಟಿನಂತೆ ಎಣ್ಣೆಗೆ 2,090.

ಯಂತ್ರ ಕೂರಿಸುವ ಜಾಗವನ್ನು ಪುಟ್ಟಿಯೇ ನಿಂತು ನೋಡಲಿ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ತಗ್ಗಿಗೆ ಇಳಿಯುತ್ತದೆ, ಆದ್ದರಿಂದ ಯಂತ್ರದ ಸುತ್ತ ಕೈಪಿಡಿಯಲ್ಲಿ ಹೇಳಿದಷ್ಟು ದೂರದೊಳಗೆ ನೆಲಮಾಳಿಗೆಯ ಕಿಟಕಿ, ಚರಂಡಿ ಬಾಯಿ ಇರಬಾರದು. ಎರಡು ಗೋಡೆ ಕೂಡುವ ಮೂಲೆಯಲ್ಲಿಟ್ಟರೆ ಸದ್ದು ಪ್ರತಿಧ್ವನಿಸಿ ಹೆಚ್ಚುತ್ತದೆ. ಇಲ್ಲಿನ ವಾಸದ ಬಡಾವಣೆಯಲ್ಲಿ ರಾತ್ರಿ ಪಕ್ಕದ ಮನೆಯ ಕಿಟಕಿಯ ಬಳಿ 40 ಡೆಸಿಬಲ್, ಕೆಲವು ಕಡೆ 35 ಮಾತ್ರ ಮಿತಿ. 2026ರ ಜನವರಿ 1ರಿಂದ ಸಹಾಯಧನಕ್ಕೂ ಸದ್ದಿನ ನಿಯಮ ಬಿಗಿಯಾಗುತ್ತದೆ: ಯಂತ್ರ ಯುರೋಪಿನ ಮಿತಿಗಿಂತ 10 ಡೆಸಿಬಲ್ ಕಡಿಮೆ ಇರಬೇಕು. ಮಾದರಿಯ ಹೆಸರು ಅರ್ಹ ಯಂತ್ರಗಳ ಸರ್ಕಾರಿ ಪಟ್ಟಿಯಲ್ಲಿದೆಯೇ ಎಂದು ಸಹಿಗೆ ಮುಂಚೆ ನೋಡಬೇಕು.

ಚಳಿಯಲ್ಲಿ ಹೊರಗಿನ ಯಂತ್ರದ ತೆಳು ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಆಗಾಗ ಯಂತ್ರ ತಾನೇ ಹಿಮ್ಮುಖವಾಗಿ ಓಡಿ ಅದನ್ನು ಕರಗಿಸುತ್ತದೆ. ಹಬೆ ಏಳುತ್ತದೆ, ಕೆಳಗೆ ನೀರು ಸುರಿಯುತ್ತದೆ. ಆ ನೀರು ಹೋಗಲು ಸಿಮೆಂಟ್ ಕಟ್ಟೆಯ ನಡುವಿನಿಂದ ಪೈಪನ್ನು ಹಿಮ ಕಟ್ಟದ ಆಳಕ್ಕೆ, ಸುಮಾರು 80 ಸೆಂಟಿಮೀಟರ್ ಕೆಳಗೆ, ಜಲ್ಲಿಗೆ ಇಳಿಸಿರಬೇಕು. ಇದನ್ನು ಮರೆತ ಕಡೆ ಕಾಲುದಾರಿಯ ಮೇಲೆ ಗಾಜಿನಂಥ ಮಂಜುಗಡ್ಡೆ. ತಟ್ಟೆಯಲ್ಲೇ ಹೆಪ್ಪುಗಟ್ಟಿ ಮೇಲೇರಿದರೆ ಫ್ಯಾನಿನ ಎಲೆಗೂ ತಾಗುತ್ತದೆ.

ಕೂರಿಸಿದ ಮೇಲೆ ಬಿಲ್ ಏರುವುದಕ್ಕೆ ಯಂತ್ರಕ್ಕಿಂತ ಸೆಟ್ಟಿಂಗ್ ಕಾರಣವಾಗಿರುವುದೇ ಹೆಚ್ಚು. ಒಳಗೊಂದು ಗೀಸರ್ ಕಾಯಿಲಿನಂಥ ವಿದ್ಯುತ್ ಕಡ್ಡಿ ಇರುತ್ತದೆ, ತೀರಾ ಚಳಿಗೆಂದು. ಅದು ಐದು ಡಿಗ್ರಿಗೇ ಹೊತ್ತಿಕೊಳ್ಳುವಂತೆ ಬಿಟ್ಟುಹೋಗಿದ್ದರೆ ಒಂದಕ್ಕೆ ಒಂದೇ ಶಾಖ. ಅದು ಎಷ್ಟು ಗಂಟೆ ಉರಿದಿದೆ ಎಂದು ಪರದೆಯಲ್ಲೇ ಕಾಣುತ್ತದೆ, ವಾರಕ್ಕೊಮ್ಮೆ ನೋಡಲಿ. ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿ ನಿಗದಿ ಮಾಡುವ ಗೆರೆಯನ್ನು ಒಂದೊಂದೇ ಹೆಜ್ಜೆ ಇಳಿಸಿ, ಎರಡು ದಿನ ಕಾದು, ಮನೆ ತಣ್ಣಗಾಗುವ ತನಕ ಹೋಗಿ ಒಂದು ಹೆಜ್ಜೆ ವಾಪಸ್ ಬರಲಿ. ಕೋಣೆಗಳ ತಿರುಗಣೆಗಳನ್ನು ಮುಚ್ಚಿ ಉಳಿಸುವ ಅಭ್ಯಾಸ ಇಲ್ಲಿ ಕೆಡುಕು. ನೀರಿನ ಹರಿವು ಕಡಿಮೆಯಾಗಿ ಯಂತ್ರ ಆರಿ ಹೊತ್ತಲು ಶುರುಮಾಡುತ್ತದೆ.

ಮೀಟರಿನ ಪೆಟ್ಟಿಗೆ ಹಳೆಯದಾಗಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ಕೊಟೇಶನ್‌ನಲ್ಲಿ ಅದು ಸೇರಿದೆಯೇ ಎಂದು ಕೇಳಬೇಕು. 4.2 ಕಿಲೋವ್ಯಾಟ್‌ಗಿಂತ ಹೆಚ್ಚು ಎಳೆಯುವ ಯಂತ್ರವನ್ನು ಒತ್ತಡದ ಹೊತ್ತಿನಲ್ಲಿ ಅಲ್ಲಿಯವರೆಗೆ ತಗ್ಗಿಸುವ ಅಧಿಕಾರ ವಿದ್ಯುತ್ ಜಾಲದವರಿಗಿದೆ. ಅದಕ್ಕೆ ಬದಲಾಗಿ ಜಾಲದ ಶುಲ್ಕದಲ್ಲಿ ವರ್ಷಕ್ಕೊಂದು ನಿಗದಿತ ರಿಯಾಯಿತಿ, ಇಲ್ಲವೇ ಪ್ರತ್ಯೇಕ ಮೀಟರ್ ಹಾಕಿಸಿದರೆ ಯೂನಿಟ್ ಮೇಲಿನ ಜಾಲ ಶುಲ್ಕದಲ್ಲಿ ಶೇ. 60 ಕಡಿತ.

ನೀವು ಕಳಿಸುವ ದುಡ್ಡಿನ ವಿಷಯ: ಕಂಪನಿಗೆ ನೇರ ಬೇಡ, ಪುಟ್ಟಿಯ ಖಾತೆಗೇ ಹಾಕಿ. ಮಂಜೂರಾತಿ ಪತ್ರ ಬರುವವರೆಗೆ ಅವಸರವಿಲ್ಲ. ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಅಡಿಯಲ್ಲಿ ಪ್ಯಾನ್ ಮತ್ತು ಎ2 ಅರ್ಜಿ ಕೊಟ್ಟು ಬ್ಯಾಂಕಿನಿಂದ ಉಡುಗೊರೆಯಾಗಿ ಕಳಿಸಬಹುದು. ಒಬ್ಬರ ಹೆಸರಲ್ಲಿ ಈ ಹಣಕಾಸು ವರ್ಷದಲ್ಲಿ 10 ಲಕ್ಷ ಮೀರಿದರೆ ಮೀರಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಬ್ಯಾಂಕೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸಿದಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯತನಕ ದುಡ್ಡು ಸಿಕ್ಕಿಕೊಳ್ಳುತ್ತದೆ. ಅತ್ತಿಗೆಯ ಸ್ವಂತ ಉಳಿತಾಯವಿದ್ದರೆ ಅವರ ಪ್ಯಾನ್‌ನಲ್ಲಿ ಬೇರೆಯಾಗಿ ಕಳಿಸಿ. ಇಲ್ಲಿ ತಂದೆ ತಾಯಿ ಮಕ್ಕಳಿಗೆ ಕೊಡುವುದಕ್ಕೆ ತಲಾ ಹತ್ತು ವರ್ಷಕ್ಕೆ 4 ಲಕ್ಷ ಯೂರೋವರೆಗೆ ತೆರಿಗೆ ಇಲ್ಲ.

ಭಾನುವಾರ ಪುಟ್ಟಿ ಫೋನ್ ಮಾಡಿದಾಗ ಹೇಳಿ: ಬಾಯ್ಲರಿಗೆ ಅಂಟಿಸಿರುವ ತಗಡಿನ ಪಟ್ಟಿಯ ಫೋಟೋ, ಹಿಂದಿನ ಮೂರು ವರ್ಷದ ಎಣ್ಣೆ ಬಿಲ್ಲುಗಳು, ಪ್ರತಿ ರೇಡಿಯೇಟರಿನ ಉದ್ದ, ಎತ್ತರ, ದಪ್ಪ ನನಗೆ ಕಳಿಸಲಿ. ಕೊಟೇಶನ್‌ಗಳು ಬಂದರೆ ಸಹಿ ಹಾಕುವ ಮುಂಚೆ ನನಗೂ ತೋರಿಸಲಿ, ಗ್ರಾಹಕರ ಸಲಹಾ ಕೇಂದ್ರವಾದ ಫೆರ್‌ಬ್ರೌಖರ್‌ಸೆಂಟ್ರಾಲೆಗೂ ತೋರಿಸಲಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ತಮ್ಮ